ಹುಡುಕಪ್ಪ ತಪ್ಪು ಮಾಡಿದ ದಿನ

ಹುಡುಕಪ್ಪನಿಗೆ ವರ್ಗಾವಣೆ ಸಿಗದೆ ಇದ್ದುದಕ್ಕೆ ಅವನ ಹತ್ತು ಬೆರಳುಗಳೇ ಕಾರಣ. ಬಸ್ ಡಿಪೋದ ಕಳೆದುಹೋದ ವಸ್ತುಗಳ ವಿಭಾಗದಲ್ಲಿ ಅವನು ಹನ್ನೊಂದು ವರ್ಷದಿಂದ ಗುಮಾಸ್ತ. ಜನ ಬಸ್ಸಿನಲ್ಲಿ ಮರೆತುಹೋದ ಕೊಡೆ, ಚೀಲ, ಕನ್ನಡಕ, ಒಮ್ಮೆ ಒಂದು ಜೊತೆ ಊರುಗೋಲು, ಎಲ್ಲದರ ವಿವರವೂ ಕಂಪ್ಯೂಟರಿನಲ್ಲಿತ್ತು. ಆದರೆ ಆ ಕಂಪ್ಯೂಟರು ಬಾಯಿ ಬಿಡಬೇಕಾದರೆ ಅದರದೇ ಭಾಷೆಯಲ್ಲಿ, ಒಂದು ಅಲ್ಪವಿರಾಮವೂ ತಪ್ಪದಂತೆ ಟೈಪ್ ಮಾಡಿ ಕೇಳಬೇಕಿತ್ತು. ಹಾಗೆ ಕೇಳಲು ಬರುತ್ತಿದ್ದುದು ಇಡೀ ಡಿಪೋದಲ್ಲಿ ಅವನೊಬ್ಬನಿಗೇ. ಹೀಗಾಗಿ ಎಲ್ಲರ ಬಾಯಲ್ಲೂ ಅವನು ಹುಡುಕಪ್ಪನಾದ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಮನೆ ಇದ್ದದ್ದು ನಗರದ ಇನ್ನೊಂದು ತುದಿಯಲ್ಲಿ. ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ. ನಾಲ್ಕು ವರ್ಷದ ಮಗಳು ಎಚ್ಚರವಿದ್ದಾಗ ಅಪ್ಪನನ್ನು ನೋಡುತ್ತಿದ್ದುದು ಭಾನುವಾರ ಮಾತ್ರ. ಕಳೆದ ಭಾನುವಾರ ಅವಳು ತಾಯಿಯ ಹಿಂದೆ ಅಡಗಿಕೊಂಡು, "ಅಮ್ಮಾ, ಈ ಮಾಮ ಊಟಕ್ಕೂ ಇರ್ತಾರಾ?" ಎಂದು ಕೇಳಿದ್ದಳು.

ಮನೆಯ ಪಕ್ಕದಲ್ಲೇ ಒಂದು ಡಿಪೋ ಇತ್ತು. ಅಲ್ಲಿಗೆ ಹಾಕಿ ಎಂದು ಆರು ಅರ್ಜಿ ಕೊಟ್ಟಿದ್ದ. ನೀನು ಹೋದರೆ ಆ ಕಂಪ್ಯೂಟರನ್ನು ಮಾತಾಡಿಸುವವರು ಯಾರು ಎಂದು ಮ್ಯಾನೇಜರು ಆರೂ ಅರ್ಜಿಗಳನ್ನು ಡ್ರಾಯರಿಗೆ ಸೇರಿಸಿದ್ದರು.

ಅಷ್ಟರಲ್ಲಿ ಕೇಂದ್ರ ಕಚೇರಿ ಹೊಸದೊಂದು ವಿಧಾನ ಕಳಿಸಿತು. ಇದರಲ್ಲಿ ಟೈಪ್ ಮಾಡುವ ಕೆಲಸವೇ ಇಲ್ಲ. ಪರದೆಯ ಮೇಲೆ ಕೊಡೆ, ಬಸ್ಸು, ಕ್ಯಾಲೆಂಡರುಗಳ ಚಿತ್ರ ಇರುತ್ತವೆ. ಬೇಕಾದದ್ದನ್ನು ಎಳೆದು ತಂದು ಗೆರೆ ಹಾಕಿ ಜೋಡಿಸಿದರೆ ಉತ್ತರ ಬರುತ್ತದೆ. ಯಾವುದು ಸಲೀಸು ಎಂದು ತಿಳಿಯಲು ಒಬ್ಬ ಪರೀಕ್ಷಕಿ ಬರುವವರಿದ್ದರು. ಹುಡುಕಪ್ಪ ಅವರ ಮುಂದೆ ಐದು ಪ್ರಶ್ನೆಗಳಿಗೆ ಎರಡೂ ಬಗೆಯಲ್ಲಿ ಉತ್ತರ ಹುಡುಕಬೇಕು.

"ಚಿತ್ರ ಗೆದ್ರೆ ಆ ಕುರ್ಚೀಲಿ ಯಾರನ್ನ ಬೇಕಾದ್ರೂ ಕೂರಿಸ್ಬಹುದು. ಅವತ್ತೇ ನಿನ್ನ ಆರ್ಡರ್‌ಗೆ ಸೈನ್ ಹಾಕ್ತೀನಿ," ಎಂದರು ಮ್ಯಾನೇಜರು.

ಟೈಪಿಂಗ್ ಸೋಲಲೇಬೇಕು ಎಂದು ಹುಡುಕಪ್ಪ ಅಲ್ಲೇ ತೀರ್ಮಾನಿಸಿದ.

ಪರೀಕ್ಷಕಿ ಹತ್ತು ಗಂಟೆಗೆ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ಕೂತರು. ಮೊದಲ ಪ್ರಶ್ನೆ, ಹೋದ ವಾರ ಸಿಕ್ಕ ಕಪ್ಪು ಕೊಡೆಗಳೆಷ್ಟು ಎಂಬುದು. ನಿಧಾನ ಮಾಡಬೇಕು ಎಂದು ಹುಡುಕಪ್ಪ ಅಂದುಕೊಳ್ಳುವಷ್ಟರಲ್ಲಿ ಬೆರಳುಗಳು ಇಡೀ ವಾಕ್ಯ ಹೊಡೆದು ಮುಗಿಸಿದ್ದವು. ಕೊನೆಯ ಕೀ ಒತ್ತುವ ಮೊದಲು ಎಚ್ಚೆತ್ತು, ಜೋರಾಗಿ ಕೆಮ್ಮಿ, ಎಲ್ಲವನ್ನೂ ಅಳಿಸಿದ. ಆಮೇಲೆ ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರಕ್ಕೂ ಕೀಬೋರ್ಡ್ ಪೂರ್ತಿ ತಡಕಾಡುತ್ತಾ ಕೂತ.

ಪಕ್ಕದ ಮೇಜಿನಲ್ಲಿ ಬಸ್ ಪಾಸ್ ಬರೆಯುವ ಅಕ್ಕ ಇದನ್ನು ನೋಡಿ ಗಾಬರಿಯಾದರು. "ಯಾಕೋ, ಮೈ ಹುಷಾರಿಲ್ವಾ? ಕಣ್ಮುಚ್ಕೊಂಡು ಹೊಡೀತಿದ್ದೆಯಲ್ಲೋ," ಎಂದು ಪರೀಕ್ಷಕಿಯ ಎದುರೇ ಕೇಳಿಬಿಟ್ಟರು. ಅಕ್ಕ ಯಾವಾಗಲೂ ಹೀಗೇ ತನ್ನನ್ನು ಗೇಲಿ ಮಾಡುತ್ತಾರೆ ಎಂದು ಹುಡುಕಪ್ಪ ಪರೀಕ್ಷಕಿಗೆ ಹೇಳಿ ತಲೆ ತಗ್ಗಿಸಿದ. ಪರೀಕ್ಷಕಿ ಕನಿಕರದಿಂದ ಏನೋ ಬರೆದುಕೊಂಡರು. ಅಕ್ಕ ನೀರು ತಂದು ಕುಡಿಸಿದರು, ಹಾಜರಿ ಪುಸ್ತಕದಿಂದ ಗಾಳಿ ಹಾಕಿದರು, ಬಾಗಿಲಿಗೆ ಬಂದ ಕಂಡಕ್ಟರುಗಳಿಗೆಲ್ಲ ಪಿಸುದನಿಯಲ್ಲಿ ಸುದ್ದಿ ಮುಟ್ಟಿಸಿದರು.

ಮೂರನೆಯ ಪ್ರಶ್ನೆ, ಯಾವ ಕೊಡೆ ಯಾವ ಬಸ್ಸಿನಲ್ಲಿ ಸಿಕ್ಕಿತು ಎಂಬುದು. ಕೊಡೆಗಳದ್ದೊಂದು ಪಟ್ಟಿ, ಬಸ್ಸುಗಳದ್ದೊಂದು ಪಟ್ಟಿ. ಎರಡಕ್ಕೂ ಗಂಟು ಹಾಕುವ ಒಂದು ಸಾಲು ಟೈಪ್ ಮಾಡಬೇಕು. ಹುಡುಕಪ್ಪ ಬೇಕೆಂದೇ ಆ ಸಾಲು ಬಿಟ್ಟ. ಕಂಪ್ಯೂಟರು ಪಾಪ, ನಾನೂರ ಹನ್ನೆರಡು ಕೊಡೆಗಳಲ್ಲಿ ಪ್ರತಿಯೊಂದನ್ನೂ ಡಿಪೋದ ತೊಂಬತ್ತಾರು ಬಸ್ಸುಗಳಲ್ಲೂ ಒಂದೊಂದು ಸಲ ಕಳೆದುಹಾಕಿತು. ಮೂವತ್ತೊಂಬತ್ತು ಸಾವಿರದ ಐನೂರ ಐವತ್ತೆರಡು ಸಾಲುಗಳಾದವು. ಇವನಿಗೆ ನೆರವಾಗಲಿ ಎಂದು ಅಕ್ಕ ಕೈ ಚಾಚಿ ಪ್ರಿಂಟ್ ಒತ್ತಿದರು. ಡಿಪೋದ ತಿಂಗಳ ಕಾಗದವೆಲ್ಲ ಮುಗಿಯುವ ತನಕ ಪ್ರಿಂಟರ್ ನಿಲ್ಲಲಿಲ್ಲ.

ಮಧ್ಯಾಹ್ನ ಚಿತ್ರಗಳ ಸರದಿ. ಹುಡುಕಪ್ಪ ಕೊಡೆ ಎಳೆದ, ಬಸ್ಸು ಎಳೆದ, ಗೆರೆ ಹಾಕಿದ. ಬೆಳಿಗ್ಗೆ ಒಂದೂವರೆ ಗಂಟೆ ತಿಂದ ಐದು ಪ್ರಶ್ನೆಗಳು ನಾಲ್ಕು ನಿಮಿಷದಲ್ಲಿ ಮುಗಿದವು. ಬಾಗಿಲಲ್ಲಿದ್ದ ಕಂಡಕ್ಟರುಗಳು ಚಪ್ಪಾಳೆ ತಟ್ಟಿದರು. ಅಕ್ಕ ಕಣ್ಣೊರೆಸಿಕೊಂಡರು. ಹುಡುಕಪ್ಪನಿಗೂ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕೋಣೆ ಇಷ್ಟವಾಯಿತು.

ನಾಲ್ಕು ಗಂಟೆಗೆ ಮ್ಯಾನೇಜರು ಕರೆಸಿದರು. ಪರೀಕ್ಷಕಿ ಅಲ್ಲೇ ಕೂತು ಕೇಂದ್ರ ಕಚೇರಿಗೆ ಫೋನ್ ಮಾಡಿ ಮುಗಿಸಿದ್ದರು. ಚಿತ್ರವೇ ಗೆದ್ದಿದೆ, ಅನುಮಾನವೇ ಇಲ್ಲ ಎಂದರು. ಹುಡುಕಪ್ಪ ಕೈ ಮುಗಿದ.

"ಮೂವತ್ತೆರಡು ಡಿಪೋ ಸುತ್ತಿದೀನಿ," ಎಂದು ಅವರು ಅಭಿಮಾನದಿಂದ ಮುಂದುವರಿಸಿದರು. "ಹನ್ನೊಂದು ವರ್ಷ ಒಂದೇ ಕೆಲ್ಸ ಮಾಡಿ, ಏನೂ ಅಂದ್ರೆ ಏನೂ ಕಲೀದೇ ಇರೋರು ನೀವೊಬ್ರೇ. ನಿಮಗೆ ಅರ್ಥ ಆದ್ರೆ ಯಾರಿಗೆ ಬೇಕಾದ್ರೂ ಅರ್ಥ ಆಗತ್ತೆ."

ಚಿತ್ರಗಳನ್ನು ಇನ್ನು ಮೂರು ವರ್ಷ ತಿದ್ದುತ್ತಲೇ ಇರುತ್ತಾರಂತೆ. ತಿದ್ದಿದಾಗಲೆಲ್ಲ ಇವನ ಮೇಲೇ ಪರೀಕ್ಷೆಯಂತೆ. ಅಳತೆ ಏರುಪೇರಾಗದ ಹಾಗೆ ಅದೇ ಕೋಣೆ, ಅದೇ ಮೇಜು ಇರಬೇಕಂತೆ. ಅಲ್ಲಿಯವರೆಗೆ ಇವನನ್ನು ಅಲ್ಲಾಡಿಸಕೂಡದು ಎಂದು ಮೇಲಿನವರು ಒಪ್ಪಿಗೆಯನ್ನೂ ಕೊಟ್ಟಾಗಿತ್ತು.

ಪರೀಕ್ಷಕಿ ಹೊರಗೆ ಹೋದ ಮೇಲೆ ಮ್ಯಾನೇಜರು ದನಿ ತಗ್ಗಿಸಿದರು. "ಬೇಕಂತ್ಲೇ ತಪ್ಪು ಮಾಡ್ದೆ ಅಂತ ಬರ್ಕೊಡು ಬೇಕಾದ್ರೆ. ಪರೀಕ್ಷೆ ರದ್ದಾಗತ್ತೆ. ಟೈಪಿಂಗೇ ಉಳಿಯತ್ತೆ. ಟೈಪಿಂಗ್ ಬರೋನು ನೀನೊಬ್ನೇ."

ಹುಡುಕಪ್ಪ ಲೆಕ್ಕ ಹಾಕಿದ. ಯಾವ ಕಡೆಯಿಂದ ಹೊರಟರೂ ದಾರಿ ಅದೇ ಕುರ್ಚಿಗೆ ಬಂದು ನಿಲ್ಲುತ್ತಿತ್ತು. ಮ್ಯಾನೇಜರು ಆಗಲೇ ಸೈನ್ ಹಾಕಿಟ್ಟಿದ್ದ ಹೊಸ ಆರ್ಡರ್ ತೆಗೆದುಕೊಂಡು ಹೊರಗೆ ಬಂದ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು, ಹೆಂಡತಿ.

"ಆರ್ಡರ್ ಸಿಕ್ತಾ?"

"ಸಿಕ್ತು."

"ಸೈನ್ ಆಗಿದೆಯಾ?"

"ಆಗಿದೆ. ಕೇಂದ್ರ ಕಚೇರಿ ಸೀಲ್ ಕೂಡ ಬೀಳತ್ತಂತೆ."

"ಸದ್ಯ. ಯಾವತ್ತಿಂದ, ಎಲ್ಲಿಗೆ?"

ಹುಡುಕಪ್ಪ ಕಾಗದವನ್ನು ಮತ್ತೊಮ್ಮೆ ಓದಿಕೊಂಡ.

"ಇವತ್ತಿಂದ," ಎಂದ. "ಇಲ್ಲಿಗೇ."