ತಾಯಲೂರು ಬಸ್ಸು ನಿಂತ ಟೆನಿಸ್ ಕೋರ್ಟು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಹೆಂಡತಿಯನ್ನು ಕೇಳಿದರೆ, "ಮನೇಲಿ ಕೂತ್ರೆ ಆಗಲ್ಲ" ಅನ್ನುತ್ತಾಳೆ. ಕೂರುವುದು ಹೇಗೆ? ಬೆಂಗಳೂರಿನ ಕ್ಲಬ್ಬೊಂದರಲ್ಲಿ ಮೂವತ್ತು ವರ್ಷ ಟೆನಿಸ್ ಕಲಿಸಿ ನಿವೃತ್ತನಾಗಿ ಕೋಲಾರಕ್ಕೆ ಬಂದವನು, ಇಲ್ಲಿನ ಕಾಲೇಜೊಂದು ಕರೆದ ತಕ್ಷಣ ಕೋಚ್ ಆಗಿ ಸೇರಿಬಿಟ್ಟೆ.

ಬೇಲಿ

ಪ್ರಿನ್ಸಿಪಾಲರು ಮೊದಲ ದಿನವೇ ಹೇಳಿದರು: "ಸಾರ್, ನಮ್ಮ ತಂಡ ಇವತ್ತಿನವರೆಗೆ ಒಂದು ಮ್ಯಾಚೂ ಗೆದ್ದಿಲ್ಲ. ಈ ಸಲದ ಅಂತರ ಕಾಲೇಜು ಪಂದ್ಯದಲ್ಲಿ ಒಂದಾದ್ರೂ ಗೆಲ್ಲಿಸಿ. ಇಲ್ಲಾಂದ್ರೆ ಕೋರ್ಟನ್ನ ಪಾರ್ಕಿಂಗ್ ಮಾಡ್ತೀನಿ."

ಅಖಾಡ ನೋಡೋಣವೆಂದು ಹೋದರೆ, ಕ್ಯಾಂಟೀನಿನ ಅಮ್ಮ ಅರ್ಧ ಕೋರ್ಟಿನ ತುಂಬ ಮೆಣಸಿನಕಾಯಿ ಒಣಹಾಕಿ ಕಾವಲು ಕೂತಿದ್ದರು.

"ಅಮ್ಮಾ, ಇಲ್ಲಿ ಆಟ ಆಡಬೇಕು."

"ಆಡ್ಕೊಳ್ಳಿ ಸಾರ್, ಯಾರು ಬೇಡ ಅಂದ್ರು?" ಎಂದು ನೆಟ್ಟಿನ ಕಡೆ ಕೈ ತೋರಿಸಿದರು. "ಅದಕ್ಕೇ ಅಲ್ವಾ ಮಧ್ಯೆ ಬೇಲಿ ಹಾಕಿರೋದು? ಆಚೆ ನಿಮ್ದು, ಈಚೆ ನಂದು."

ಫಸ್ಟ್ ಕ್ವಾಲಿಟಿ

ತಂಡದಲ್ಲಿ ಒಬ್ಬಳು ಹುಡುಗಿ, ತಾಯಲೂರು ಕಡೆಯವಳು. ಮನೆಯಲ್ಲಿ ಟೊಮೊಟೊ ಬೆಳೆಯುತ್ತಾರೆ. ತುಂಬಿದ ಕ್ರೇಟು ಎತ್ತಿ ಎತ್ತಿ ಗಟ್ಟಿಯಾದ ತೋಳು. ಆದರೆ ಸರ್ವ್ ಮಾತ್ರ ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆತ್ತಗೆ.

"ಯಾಕಮ್ಮ, ಜೋರಾಗಿ ಹೊಡೀಬಾರ್ದಾ?"

"ದುಂಡಗಿರೋದು ಕೈಗೆ ಬಂದ್ರೆ ಜೋರು ಬರಲ್ಲ ಸಾರ್. ಒಡೆದ್ರೆ ಅಪ್ಪ ಬೈತಾರೆ."

ಮಾರನೆಯ ದಿನ ನಾನು ಬರುವಷ್ಟರಲ್ಲಿ, ಬುಟ್ಟಿಯ ಚೆಂಡುಗಳನ್ನೆಲ್ಲ ಒತ್ತಿ ನೋಡಿ ಮೂರು ಗುಡ್ಡೆ ಮಾಡಿಟ್ಟಿದ್ದಳು.

"ಇದು ಫಸ್ಟ್ ಕ್ವಾಲಿಟಿ ಸಾರ್, ಇದು ಸೆಕೆಂಡು."

"ಮೂರನೇದು?"

"ಅದು ಸಾಸ್ ಫ್ಯಾಕ್ಟ್ರಿಗೆ."

ಐದು ಗಂಟೆ ಬಸ್ಸು

ಪಂದ್ಯ ನಮ್ಮಲ್ಲೇ ನಡೆಯಿತು. ಮಾಲೂರಿನ ತಂಡ ಬಂದು ನಮ್ಮವರನ್ನು ಒಬ್ಬೊಬ್ಬರನ್ನಾಗಿ ಮಲಗಿಸಿತು. ಉಳಿದವಳು ಇವಳೊಬ್ಬಳೇ. ಅವಳದು ಕೊನೆಯ ಸೆಟ್ಟಿಗೆ ಬಂದಾಗ ಗಂಟೆ ಐದು. ನನ್ನ ಕೈಲಿದ್ದ ಅವಳ ಫೋನು ಹೊಡೆದುಕೊಂಡಿತು. ಅವಳೂರಿನ ಬಸ್ಸಿನ ಕಂಡಕ್ಟರು!

"ಎಲ್ಲಿದ್ದೀಯಮ್ಮ? ಬಸ್ ಬಿಡಬೇಕು."

"ನಾನು ಅವಳ ಕೋಚು. ಮ್ಯಾಚು ನಡೀತಿದೆ, ಹತ್ತೇ ನಿಮಿಷ" ಎಂದು ಸುಳ್ಳು ಹೇಳಿದೆ.

"ಅವಳನ್ನ ಬಿಟ್ಟು ಹೋದ್ರೆ ಊರಲ್ಲಿ ನನ್ನ ಸುಮ್ನೆ ಬಿಡ್ತಾರಾ? ನಾವೇ ಬರ್ತೀವಿ."

ಬಂದೇಬಿಟ್ಟರು. ಬಸ್ಸು ಗೇಟು ದಾಟಿ ಕೋರ್ಟಿನ ಪಕ್ಕಕ್ಕೇ ಬಂದು ನಿಂತಿತು. ಮಾರ್ಕೆಟ್ಟಿನಿಂದ ಹೊರಟಿದ್ದ ರೈತರೆಲ್ಲ ಖಾಲಿ ಕ್ರೇಟುಗಳನ್ನು ಇಳಿಸಿ, ಬೋರಲು ಹಾಕಿ ಸಾಲಾಗಿ ಕೂತರು. ನಮ್ಮ ಆಟಕ್ಕೆ ಗ್ಯಾಲರಿ ಬಂದದ್ದು ಅದೇ ಮೊದಲು.

ಹುಡುಗಿ ಮತ್ತೆ ಮೆತ್ತಗೆ ಸರ್ವ್ ಮಾಡಿದಳು, ಪಾಯಿಂಟು ಹೋಯಿತು. ಇನ್ನೊಂದು ಹಾಗೇ ಹೋದರೆ ಮ್ಯಾಚೇ ಹೋಯಿತು, ನನ್ನ ಕೋರ್ಟಿನಲ್ಲಿ ಸ್ಕೂಟರುಗಳೇ. ಅಷ್ಟರಲ್ಲಿ ಅವಳೂರಿನ ಅಜ್ಜಿಯೊಬ್ಬರು ಎದ್ದು ನಿಂತು ತೆಲುಗಿನಲ್ಲಿ ಗದರಿದರು: "ಅದಿ ಟೊಮೊಟೊ ಕಾದೇ! ಕೊಟ್ಟು!" ಅದು ಟೊಮೊಟೊ ಅಲ್ಲ ಕಣೇ, ಹೊಡಿ ಅಂತ.

ಮೂರು ತಿಂಗಳು ನಾನು ಹೇಳಿದ್ದು ಹೋಗದ ಕಿವಿಗೆ ಇದು ಹೋಯಿತು. ಹೊಡೆದಳು ನೋಡಿ! ಎದುರಿನವಳು ರ‍್ಯಾಕೆಟ್ ಎತ್ತುವಷ್ಟರಲ್ಲಿ ಚೆಂಡು ಹಿಂದಿನ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು. ಆಮೇಲೆ ಒಂದು ಗೇಮನ್ನೂ ಬಿಡಲಿಲ್ಲ. ಗೆದ್ದಾಗ ಡ್ರೈವರು ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ.

ಹಾರ್ನ್ ಕೇಳಿ ಓಡಿಬಂದ ಪ್ರಿನ್ಸಿಪಾಲರು, ಸುದ್ದಿ ತಿಳಿದು ನನ್ನ ಕೈ ಕುಲುಕಿದರು. "ಆಯ್ತು ಸಾರ್, ಕೋರ್ಟು ನಿಮ್ದೇ. ಪಾರ್ಕಿಂಗ್ ಮಾತು ಇನ್ನು ಎತ್ತಲ್ಲ."

ಆನಂದದಲ್ಲಿ ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಕಂಡಕ್ಟರು ಬೆವರು ಒರೆಸಿಕೊಳ್ಳುತ್ತ ಅವರ ಹತ್ತಿರ ಬಂದರು.

"ಎಲ್ಲಾ ಚೆನ್ನಾಗಿದೆ ಸಾರ್ ನಿಮ್ಮ ಕಾಲೇಜಲ್ಲಿ. ಆದ್ರೆ ಬಸ್ ನಿಲ್ಸೋಕೆ ಜಾಗಾನೇ ಇಲ್ವಲ್ಲ! ಮುಂದಿನ ಮ್ಯಾಚಿಗಾದ್ರೂ ಇಲ್ಲೇ ಎಲ್ಲಾದ್ರೂ ಒಂದು ಪಾರ್ಕಿಂಗ್ ಮಾಡ್ಸಿ."