ದೇವೀರಪ್ಪನ ಎರಡನೇ ರಸೀದಿ

ಬ್ಯಾಟರಿ ಬೇಕಾದ್ದಕ್ಕಿಂತ ಕಾಲು ಇಂಚು ಹೆಚ್ಚು ದಪ್ಪವಾಗಿತ್ತು. ದೇವೀರಪ್ಪನ ಆ ದಿನದ ಕಷ್ಟಕ್ಕೆಲ್ಲ ಮೂಲ ಇಷ್ಟೇ. ಬಂದೂಕಿನ ಹಿಂಭಾಗದಲ್ಲಿ ಬ್ಯಾಟರಿಗೆಂದು ಬಿಟ್ಟಿದ್ದ ಗೂಡು ಒಂದು ಬೀಡಿ ಕಟ್ಟು ಹಿಡಿಸುವಷ್ಟಿತ್ತು. ಹಾಸನದಿಂದ ಅಣ್ಣನ ಮಗ ಅರುಣ್ ಬಸ್ಸಿನಲ್ಲಿ ಕಳಿಸಿದ ಬ್ಯಾಟರಿ ಮಾತ್ರ ಮೈಸೂರುಪಾಕಿನ ತುಂಡಿನ ಹಾಗೆ ಚೌಕವಾಗಿ ಉಬ್ಬಿಕೊಂಡು ಕೂತಿತ್ತು.

ಬಂದೂಕೇನು ನಿಜವಾದದ್ದಲ್ಲ. ಏರ್‌ಸಾಫ್ಟ್ ಗನ್ ಎನ್ನುವ ಆಟಿಕೆ. ಒಳಗೊಂದು ಮೋಟಾರು, ಬ್ಯಾಟರಿ ಹಾಕಿ ಕುದುರೆ, ಅಂದರೆ ಟ್ರಿಗರು, ಎಳೆದರೆ ಗಾಳಿಯ ಒತ್ತಡಕ್ಕೆ ಪ್ಲಾಸ್ಟಿಕ್ ಮಣಿ ಹಾರುತ್ತದೆ. ಅದರಲ್ಲೂ ಅರುಣ್ ಆರಿಸಿದ್ದು ಮೊಳದುದ್ದದ ಮಾದರಿ. "ಚಿಕ್ಕಪ್ಪಾ, ಇದು ಕಾಂಪ್ಯಾಕ್ಟು, ಬಗಲಲ್ಲಿ ಇಟ್ಕೊಂಡು ಓಡಾಡ್ಬಹುದು" ಎಂದಿದ್ದ. ಕಾಂಪ್ಯಾಕ್ಟು ಎಂದರೆ ಒಳಗೆ ಏನೂ ಹಿಡಿಸುವುದಿಲ್ಲ ಎಂದು ಅರ್ಥ ಎನ್ನುವುದನ್ನು ಅವನು ಹೇಳಿರಲಿಲ್ಲ.

ಅಜ್ಜನ ಕಾಲದ ಲೈಸೆನ್ಸ್ ಕೋವಿ ಇರುವ ಮನುಷ್ಯನಿಗೆ ಆಟಿಕೆ ಯಾಕೆ ಬೇಕಾಯಿತು? ಪಂಚಾಯ್ತಿ ಎಲೆಕ್ಷನ್ ಬಂದಿತ್ತು. ಎಲೆಕ್ಷನ್ ಬಂತೆಂದರೆ ಬೆಳಗೋಡು ಸೀಮೆಯ ಕೋವಿಗಳೆಲ್ಲ ಮೆರವಣಿಗೆ ಹೊರಟು ಠಾಣೆ ಸೇರಿ, ಚೀಟಿ ಕಟ್ಟಿಸಿಕೊಂಡು, ಫಲಿತಾಂಶ ಬರುವವರೆಗೆ ಅಲ್ಲೇ ಮಲಗಬೇಕು. ದೇವೀರಪ್ಪನೂ ಕೊಟ್ಟು ರಸೀದಿ ತಂದಿದ್ದ. ಈ ಸುದ್ದಿ ಮಂಗಗಳಿಗೆ ಯಾರು ಮುಟ್ಟಿಸಿದರೋ ತಿಳಿಯದು, ಮಾರನೆಯ ದಿನದಿಂದ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಅವು ಹಿತ್ತಲಿನ ಕಿತ್ತಳೆ ಮರಕ್ಕೆ ಬರತೊಡಗಿದವು.

ಆ ಮರ ಅವನ ತಾಯಿ ಭೂತಮ್ಮ ನೆಟ್ಟದ್ದು. ತೋಟದಲ್ಲಿ ಕಾಫಿಯ ನಡುವೆ ಇದ್ದ ಕಿತ್ತಳೆ ಗಿಡಗಳೆಲ್ಲ ರೋಗ ಬಂದು ಒಣಗಿ ಇದೊಂದೇ ಉಳಿದಿತ್ತು. ಮೂರು ವರ್ಷದಿಂದ ಫಸಲು ಬಿಟ್ಟರೂ, ಕೋವಿ ಇದ್ದಾಗಲೂ ಕಣ್ಣು ತಪ್ಪಿಸಿ ಬರುವ ಮಂಗಗಳಿಂದಾಗಿ, ಎಂಬತ್ತೆರಡರ ಭೂತಮ್ಮನ ಬಾಯಿಗೆ ಒಂದು ತೊಳೆಯೂ ಬಿದ್ದಿರಲಿಲ್ಲ. ಬಲೆ ಕಟ್ಟಿದರೆ ಮಂಗಗಳು ಅದರಲ್ಲಿ ಉಯ್ಯಾಲೆ ಆಡಿದವು. ಬಾಳೆಗೊನೆಯ ಹಾಗೆ ಮೊದಲೇ ಕಿತ್ತು ಮುಚ್ಚಿಟ್ಟು ಹಣ್ಣು ಮಾಡೋಣವೆಂದರೆ ಕಿತ್ತಳೆಗೆ ಆ ಗುಣವಿಲ್ಲ, ಮರದಲ್ಲೇ ಕಳಿಯಬೇಕು. ಈಗ ಉಳಿದಿದ್ದು ನಲವತ್ತೊಂದು ಕಾಯಿ, ಬೇಕಾಗಿದ್ದು ಇನ್ನೊಂದೇ ವಾರ.

"ನಾನ್ ಸತ್ ಮ್ಯಾಲೆ ಎಡೆಗೆ ಅಂಗಡಿ ಹಣ್ ಇಕ್ಕೀಯೇನ್ಲಾ?" ಎಂದು ಭೂತಮ್ಮ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದ್ದಳು. ಇವತ್ತು ನಾಲ್ಕು ಗಂಟೆಯೊಳಗೆ ಬಂದೂಕು ತಯಾರಾಗಲೇಬೇಕು, ಅವ್ವನಿಗೆ ಹಣ್ಣು ತಿನ್ನಿಸಲೇಬೇಕು ಎಂದು ದೇವೀರಪ್ಪ ಜಗಲಿಯ ಮೇಲೆ ಪಟ್ಟಾಗಿ ಕೂತ.

ಮೊದಲು ಹೆಬ್ಬೆರಳಿನಿಂದ ಒತ್ತಿದ. ಆಮೇಲೆ ಅಂಗೈಯಿಂದ. ಆಮೇಲೆ ಬಂದೂಕನ್ನು ಗೋಡೆಗೆ ಆನಿಸಿ ಮೊಣಕಾಲಿನಿಂದ. ಒಳಗಿನಿಂದ ಹೆಂಡತಿ ರಾಜಲಕ್ಷ್ಮಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಎಷ್ಟ್ ಹೊತ್ತಿಂದ ಒತ್ತಾ ಇದೀರಿ?"

"ಕೂತ್ಕತಾ ಇಲ್ಲ ಕಣೇ. ಒಂದ್ ಚೂರು ದಪ್ಪ ಐತೆ."

"ತೇವ ಹಿಡ್ದೈತೇನೋ. ಹಸಿ ಕಾಫಿ ಹಣ್ಣು ಎಷ್ಟ್ ದಪ್ಪ ಇರ್ತದೆ? ನಾಕ್ ಬಿಸ್ಲು ಕಂಡ್ರೆ ಅರ್ಧ ಆಗಲ್ವಾ? ಕೊಡಿ ಇಲ್ಲಿ."

ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಕಣದ ವಿಷಯದಲ್ಲಿ ಆಕೆಯ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ದೇವೀರಪ್ಪ ಬ್ಯಾಟರಿ ಕೊಟ್ಟ. ಆಕೆ ಅದನ್ನು ಕಣದಲ್ಲಿ ಹರಡಿದ್ದ ಕಾಫಿಯ ಪಕ್ಕ, ಕಾದ ತಗಡಿನ ಮೇಲೆ ಇಟ್ಟು, ಒಂದು ಮಗ್ಗುಲು ಆದ ಮೇಲೆ ಮಗುಚಬೇಕು ಎಂದು ಹೇಳಿ ಒಳಗೆ ಹೋದಳು. ಅದನ್ನು ಹಿಂದಿನ ದಿನವಿಡೀ ಹಳೆಯ ಟಾರ್ಚಿನ ಚಾರ್ಜರಿಗೆ ಸಿಕ್ಕಿಸಿ, ಜಾಸ್ತಿ ಆದರೆ ಒಳ್ಳೆಯದೇ ಎಂದು ಬಿಟ್ಟಿದ್ದನ್ನು ದೇವೀರಪ್ಪ ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಪಕ್ಕದ ತೋಟದ ಗುಂಡಯ್ಯ ಬೇಲಿ ದಾಟಿ ಬಂದ. ಅವನ ಕೋವಿಯೂ ಠಾಣೆಯಲ್ಲಿತ್ತು. ಕೋವಿ ಇಲ್ಲದೆ ಅವನ ಎರಡು ಕೈಗೂ ಕೆಲಸವಿರಲಿಲ್ಲ. ಸೀಮೆಯಲ್ಲಿ ಕೋವಿಯ ಬಗ್ಗೆ ಗುಂಡಯ್ಯ ಆಡಿದ ಮಾತಿಗೆ ಎದುರಿರಲಿಲ್ಲ, ಇದ್ದರೂ ಅವನು ಕೇಳಿಸಿಕೊಳ್ಳುತ್ತಿರಲಿಲ್ಲ.

"ಇದೇನ್ ಮಾರಾಯ, ಕೋವಿ ಮರೀನಾ?" ಎಂದು ಎತ್ತಿ ತೂಗಿದ. "ತುಂಬೋದ್ ಎಲ್ಲಿಂದ?"

"ಕೆಳಗೆ ಒಂದ್ ಡಬ್ಬಿ ಐತಂತೆ, ಅದ್ರೊಳಗೆ ಮಣಿ ಹಾಕ್ಬೇಕಂತೆ."

"ಯಾವನ್ ಹೇಳಿದ್ದು? ಕೋವಿ ಅಂದ್ ಮ್ಯಾಲೆ ಬಾಯಿಂದ ತುಂಬೋದು ಕಣೋ. ನಮ್ಮಪ್ಪ ತುಂಬಿದ್ದು ಹಂಗೇ, ನಿಮ್ಮಪ್ಪ ತುಂಬಿದ್ದೂ ಹಂಗೇ. ನಾರು ತಾ."

ದೇವೀರಪ್ಪ ಬೇಡವೆನ್ನುವುದರೊಳಗೆ ಗುಂಡಯ್ಯ ನಳಿಗೆಯ ಬಾಯಿಗೆ ಒಂದೊಂದಾಗಿ ಇಪ್ಪತ್ತು ಮಣಿ ಇಳಿಸಿ, ಮೇಲೆ ತೆಂಗಿನ ನಾರು ತುರುಕಿ, ಹಳೆ ಕೊಡೆಯ ಕಡ್ಡಿಯಿಂದ ಜಡಿಯತೊಡಗಿದ. ಜಡಿಯುವಾಗ ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ನೆಮ್ಮದಿ ಕಾಣಿಸಿತು. ಕಡ್ಡಿ ಒಳಗೇ ಮುರಿಯಿತು.

"ಬಿಗಿಯಾಗ್ ಕೂತೈತೆ, ಒಳ್ಳೇದೇ" ಎಂದ ಗುಂಡಯ್ಯ. ಆಮೇಲೆ ಬಂದೂಕನ್ನು ಎದೆಗಾನಿಸಿ, ಮೀಸೆ ತಿರುವಿ, ತನ್ನ ಫೋನಿನಲ್ಲಿ ತನ್ನದೇ ಒಂದು ಫೋಟೋ ಹೊಡೆದುಕೊಂಡ. ಅದು 'ದೇವೀರಪ್ಪನ ಹೊಸ ಕರೆಂಟ್ ಕೋವಿ' ಎಂಬ ಒಕ್ಕಣೆಯೊಂದಿಗೆ ಕೋವಿದಾರರ ವಾಟ್ಸಾಪ್ ಗುಂಪಿಗೆ ಹೋಯಿತು. ದೇವೀರಪ್ಪ ಅದನ್ನು ಗಮನಿಸಲಿಲ್ಲ, ಅವನು ನಳಿಗೆಯೊಳಗೆ ಒಂದು ಕಣ್ಣಿಟ್ಟು ಕತ್ತಲೆ ನೋಡುತ್ತಿದ್ದ.

ಇಬ್ಬರೂ ಸೇರಿ ಇಕ್ಕಳ, ಸೂಜಿ, ಸೈಕಲ್ ಕಡ್ಡಿ ಎಲ್ಲ ಹಾಕಿ ಮುರಿದ ಕಡ್ಡಿ, ನಾರು, ಮಣಿ ಕಿತ್ತು ಮುಗಿಸುವ ಹೊತ್ತಿಗೆ ಮಧ್ಯಾಹ್ನ ಒಂದಾಯಿತು. ದೇವೀರಪ್ಪನಿಗೆ ಅಳು ಬರುವುದೊಂದು ಬಾಕಿ. ಆಗ ಬೈಕಿನಲ್ಲಿ ಪ್ರಜ್ವಲ್ ಬಂದ. ಬೆಳಗೋಡಿನ ಕಡೆ ಗದ್ದೆಗಳಿಗೆ ಡ್ರೋನಿನಿಂದ ಔಷಧಿ ಹೊಡೆಯುವವನು, ಇಂಥ ಬ್ಯಾಟರಿಗಳ ಜೊತೆಯೇ ಬದುಕುವವನು. ದೇವೀರಪ್ಪನೇ ಫೋನು ಮಾಡಿ ಬೇಡಿಕೊಂಡಿದ್ದ.

"ಬ್ಯಾಟ್ರಿ ಎಲ್ಲಿ ಅಣ್ಣಾ?"

"ಒಣಗಕ್ಕೆ ಹಾಕೈತೆ" ಎಂದ ದೇವೀರಪ್ಪ.

ಪ್ರಜ್ವಲ್ ಹೆಲ್ಮೆಟ್ ತೆಗೆಯದೆಯೇ ಕಣದ ಕಡೆ ಓಡಿದ. ತಗಡಿನ ಮೇಲೆ ಬ್ಯಾಟರಿ ಕುಗ್ಗುವ ಬದಲು ಪೂರಿಯಂತೆ ಊದಿಕೊಂಡಿತ್ತು. ರಾಜಲಕ್ಷ್ಮಮ್ಮ ಸೌಟಿನಿಂದ ಅದನ್ನು ಮಗುಚಲು ಹೊರಟಿದ್ದಳು.

"ಅಕ್ಕಾ ಮುಟ್ಬೇಡಿ! ಇದು ಲಿಥಿಯಮ್ ಪಾಲಿಮರ್ರು, ಕಾಫಿ ಬೀಜ ಅಲ್ಲ! ಒತ್ತಂಗಿಲ್ಲ, ಚುಚ್ಚಂಗಿಲ್ಲ, ಬಿಸಿ ಮಾಡಂಗಿಲ್ಲ. ಹೊತ್ಕಂಡ್ರೆ ನೀರ್ ಹಾಕಿದ್ರೂ ಆರಲ್ಲ. ಮರಳು ತನ್ನಿ!"

ದೇವೀರಪ್ಪ ಬೆಳಿಗ್ಗೆಯಿಂದ ಮೊಣಕಾಲಿನಲ್ಲಿ ಒತ್ತಿದ್ದು ನೆನಪಾಗಿ ಮೊಣಕಾಲನ್ನೇ ಮುಟ್ಟಿ ನೋಡಿಕೊಂಡ. ಪ್ರಜ್ವಲ್ ಉದ್ದನೆಯ ಇಕ್ಕಳದಿಂದ ಬ್ಯಾಟರಿ ಎತ್ತಿ ಮರಳು ತುಂಬಿದ ಬಕೆಟ್ಟಿನಲ್ಲಿ ಹೂತು ಓಡಿದ. ಎಲ್ಲರೂ ನೀರಿನ ತೊಟ್ಟಿಯ ಹಿಂದೆ ಕೂತರು. ಭೂತಮ್ಮನನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದಿದ್ದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಗುಂಡಯ್ಯ "ನಾರು ಸಾಲ್ದು" ಎಂದು ಅಭಿಪ್ರಾಯ ಕೊಟ್ಟ. ಆಮೇಲೆ ಬಕೆಟ್ಟಿನಿಂದ ಬುಸ್ಸೆಂದು ಬಿಳಿ ಹೊಗೆ ಎದ್ದಿತು, ಬಕೆಟ್ಟು ನಿಧಾನವಾಗಿ ಒಂದು ಕಡೆಗೆ ಕುಸಿದು ಕೂತಿತು.

"ನನ್ ಹೊಸಾ ಬಕೆಟ್ಟು" ಎಂದಳು ರಾಜಲಕ್ಷ್ಮಮ್ಮ.

ದೇವೀರಪ್ಪ ಕಿತ್ತಳೆ ಮರದ ಕಡೆ ನೋಡಿದ. ಗಂಟೆ ಎರಡೂವರೆ. ಅವನ ಮುಖ ನೋಡಲಾಗದೆ ಪ್ರಜ್ವಲ್ ತನ್ನ ಡ್ರೋನಿನ ರಿಮೋಟು ಬಿಚ್ಚಿ ಒಂದು ಸಣ್ಣ ಬ್ಯಾಟರಿ ತೆಗೆದ. "ಇದೂ ಏಳು ಪಾಯಿಂಟ್ ನಾಕ್ ವೋಲ್ಟೇ. ಕಡ್ಡಿ ತರ ತೆಳ್ಳಗಿದೆ. ಇವತ್ತೊಂದಿನ ಇಟ್ಕೊಳಿ. ನಾಳೆ ಬೆಳಿಗ್ಗೆ ನಂಗ್ ಬೇಕೇ ಬೇಕು, ಇಲ್ದಿದ್ರೆ ಡ್ರೋನ್ ಏಳಲ್ಲ."

ತೆಳ್ಳಗೇನೋ ಇತ್ತು. ಗೂಡಿನೊಳಗೆ ಸಲೀಸಾಗಿ ಇಳಿಯಿತು. ಆದರೆ ಗೂಡಿಗಿಂತ ಒಂದು ಬೆರಳಷ್ಟು ಹೆಚ್ಚು ಉದ್ದವಾಗಿತ್ತು, ಮುಚ್ಚಳ ಹಾಕಲು ಬರಲಿಲ್ಲ.

"ಗರಗಸ ತಾ, ತುದಿ ಕೊಯ್ದ್ ಬುಡಾಣ" ಎಂದ ಗುಂಡಯ್ಯ.

ಪ್ರಜ್ವಲ್ ಬ್ಯಾಟರಿಯನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಒಳಗೆ ಹೋಗದಿದ್ದರೆ ಹೊರಗೇ ಇರಲಿ, ವೈರು ಎಳೆದುಕೊಂಡು ಬಂದೂಕಿನ ಹೊಟ್ಟೆಗೆ ಒಂದು ಚೀಲ ಕಟ್ಟಿ ಅದರಲ್ಲಿ ಇಟ್ಟರಾಯಿತು ಎಂದು ಅವನು ಉಪಾಯ ಹೇಳಿದ. ಚೀಲ ಎಲ್ಲಿಂದ ತರುವುದು? ಎಲ್ಲರೂ ಭೂತಮ್ಮನ ಸೊಂಟದ ಕಡೆ ನೋಡಿದರು. ಅಲ್ಲಿ ಅವಳ ಎಲೆಅಡಿಕೆ ಸಂಚಿ ಇತ್ತು. ನಲವತ್ತು ವರ್ಷದಿಂದ ಅದು ಆ ಜಾಗ ಬಿಟ್ಟು ಕದಲಿರಲಿಲ್ಲ.

"ತಗಳಿ" ಎಂದಳು ಭೂತಮ್ಮ, ಗಂಟು ಬಿಚ್ಚುತ್ತಾ. "ಸುಣ್ಣದ್ ಡಬ್ಬಿ ಜೋಪಾನ. ಹಣ್ ಬರ್ತದೆ ಅಂದ್ರೆ ಸಂಚಿ ಏನ್ ಮಹಾ."

ಇನ್ನು ಉಳಿದದ್ದು ವೈರಿನ ಜೋಡಣೆ. ಬಂದೂಕಿನ ಪಿನ್ನು ಬೇರೆ, ಬ್ಯಾಟರಿಯ ಪಿನ್ನು ಬೇರೆ. ಕತ್ತರಿಸಿ ಸೇರಿಸಬೇಕು, ಒಂದು ಸಲಕ್ಕೆ ಒಂದೇ ವೈರು, ಎರಡೂ ಒಟ್ಟಿಗೆ ಮುಟ್ಟಬಾರದು ಎಂದು ಪ್ರಜ್ವಲ್ ಎರಡು ಸಲ ಹೇಳಿದ. ಹೇಳಿ, ಟೇಪು ತರಲು ಬೈಕಿನ ಹತ್ತಿರ ಹೋದ. ಗುಂಡಯ್ಯನಿಗೆ ಎರಡು ಸಲದ ಕೆಲಸ ಒಂದೇ ಸಲ ಮಾಡುವ ಅಭ್ಯಾಸ. ಕಟಿಂಗ್ ಪ್ಲೇರಿನಲ್ಲಿ ಬ್ಯಾಟರಿಯ ಎರಡೂ ವೈರು ಒಟ್ಟಿಗೆ ಹಿಡಿದು ಅದುಮಿದ. ಫಟ್ಟೆಂದು ನೀಲಿ ಕಿಡಿ ಹಾರಿತು. ಮೀಸೆಯ ಎಡಭಾಗ ಸುಟ್ಟ ವಾಸನೆ ಬಂತು.

"ಲೈನಲ್ ಕರೆಂಟು ಐತೆ" ಎಂದು ಗುಂಡಯ್ಯ ಖಚಿತಪಡಿಸಿದ. ಅಲ್ಲಿಂದ ಮುಂದೆ ಅವನನ್ನು ಮೂರು ಮಾರು ದೂರ ಕೂರಿಸಲಾಯಿತು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬಂದೂಕು ತಯಾರಾಯಿತು. ಹೊಟ್ಟೆಯ ಕೆಳಗೆ ಕೆಂಪು ಸಂಚಿ ನೇತಾಡುತ್ತಾ ಅದು ಈಗತಾನೇ ಸಂತೆಯಿಂದ ಬಂದ ಹೆಂಗಸಿನ ಹಾಗೆ ಕಾಣುತ್ತಿತ್ತು. ದೇವೀರಪ್ಪ ಬಾಳೆ ಬುಡದ ಹಿಂದೆ ಅಡಗಿ ಕೂತ. ನಾಲ್ಕಕ್ಕೆ ಸರಿಯಾಗಿ, ಕಾಫಿಯ ನೆರಳಿಗೆಂದು ನೆಟ್ಟ ಸಿಲ್ವರ್ ಮರಗಳು ಅಲುಗಿದವು. ಮುಂದೆ ಬಂದದ್ದು ಬಾಲ ಮೊಂಡಾದ ದಡೂತಿ ಗಡವ ಮಂಗ, ಹಿಂದೆ ಹೆಣ್ಣು, ಮರಿ ಸೇರಿ ಹನ್ನೆರಡು. ಗಡವ ಒಂದು ಕಿತ್ತಳೆಗೆ ಕೈಯಿಟ್ಟಿತು.

ದೇವೀರಪ್ಪ ಎಲೆಗಳತ್ತ ಗುರಿಯಿಟ್ಟು ಕುದುರೆ ಎಳೆದ. ಕರ್ರ್ರ್ ಎಂದು ಮಿಕ್ಸಿ ತಿರುಗಿದ ಸದ್ದಾಯಿತು, ಎಲೆಗಳ ಮೇಲೆ ಪಟಪಟನೆ ಆಲಿಕಲ್ಲು ಬಿದ್ದಂತೆ ಮಣಿಗಳು ಸಿಡಿದವು. ಕೋವಿಯ ಢಂ ಎನ್ನುವ ಒಂದು ಸದ್ದು ಗೊತ್ತಿದ್ದ ಗಡವಕ್ಕೆ ಈ ಮುಗಿಯದ ಸದ್ದು ಅರ್ಥವಾಗಲಿಲ್ಲ. ಅದು ಕಿತ್ತಳೆ ಬಿಟ್ಟು, ಸಂಸಾರ ಬಿಟ್ಟು, ಒಂದೇ ನೆಗೆತಕ್ಕೆ ಸಿಲ್ವರ್ ಮರದ ನೆತ್ತಿ ಸೇರಿತು. ಮಿಕ್ಕವು ಗದ್ದೆ ಕಡೆಗೆ ಚೆಲ್ಲಾಪಿಲ್ಲಿಯಾದವು.

ನಲವತ್ತೊಂದಕ್ಕೆ ನಲವತ್ತೊಂದೂ ಮರದಲ್ಲೇ ಇದ್ದವು. ಭೂತಮ್ಮ ಕುರ್ಚಿಯಲ್ಲಿ ಕೂತೇ ಚಪ್ಪಾಳೆ ತಟ್ಟಿದಳು. ದೇವೀರಪ್ಪನಿಗೆ ಐವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ಏನನ್ನೋ ಗೆದ್ದ ಹಾಗಾಯಿತು, ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಅಂಗಳಕ್ಕೆ ಪೊಲೀಸ್ ಬೈಕು ಬಂದು ನಿಂತಿತು. ಹೆಡ್ ಕಾನ್‌ಸ್ಟೇಬಲ್ ಬೋರಯ್ಯ ಇಳಿದ. ಗುಂಡಯ್ಯ ಬಂದ ಬೇಲಿಯಿಂದಲೇ ಮಾಯವಾದ. ಪ್ರಜ್ವಲ್ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಅಪರಿಚಿತನಾದ.

"ಎಲ್ಲಯ್ಯಾ ಕರೆಂಟ್ ಕೋವಿ?" ಎಂದ ಬೋರಯ್ಯ, ಫೋನು ತೋರಿಸುತ್ತಾ. ಫೋನಿನಲ್ಲಿ ಗುಂಡಯ್ಯ ಮೀಸೆ ತಿರುವುತ್ತಿದ್ದ. "ನಮ್ ಠಾಣೆ ಸಾಹೇಬ್ರೂ ಆ ಗ್ರೂಪಲ್ ಅವ್ರೆ ಅನ್ನೋದ್ ಮರ್ತ್ ಬುಟ್ರಾ?"

ಅಜ್ಜನ ಕೋವಿಯ ಲೈಸೆನ್ಸು ಕಣ್ಣೆದುರೇ ಹರಿದು ಬಿದ್ದಂತಾಗಿ ದೇವೀರಪ್ಪ ಬಂದೂಕನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. "ಸ್ವಾಮಿ, ಇದು ಆಟದ್ದು... ಮಣಿ... ನಮ್ಮವ್ವಂಗೆ ಹಣ್ಣು..."

"ಆಟದ್ದು ಅಂತ ಗೊತ್ತು ಕಣಯ್ಯಾ. ಮಂಗ ಓಡ್ಸುತ್ತಾ, ಇಲ್ವಾ, ಅದ್ ಹೇಳು."

"ಓಡ್ಸುತ್ತೆ" ಎಂದಳು ಭೂತಮ್ಮ ಹೆಮ್ಮೆಯಿಂದ. "ಈಗ್ ತಾನೆ ಓಡಿಸ್ದ."

ಬೋರಯ್ಯ ಟೋಪಿ ತೆಗೆದು ಜಗಲಿಯ ಮೇಲೆ ಕುಸಿದು ಕೂತ. "ಬದುಕ್ದೆ. ಅರವತ್ನಾಕು ಕೋವಿ ಒಳಗಿಟ್ಕಂಡ್ ಕೂತಿದೀವಿ ಮಾರಾಯ, ಒಂದನ್ನೂ ಮುಟ್ಟಂಗಿಲ್ಲ. ಅದು ಠಾಣೆ ಸುತ್ತ ಇರೋ ಮಂಗಗಳಿಗೆ ಗೊತ್ತಾಗ್ ಹೋಗೈತೆ. ಸಾಹೇಬ್ರ ಬುತ್ತಿ ಹೋಯ್ತು, ನನ್ ಬೆಲ್ಟು ಹೋಯ್ತು. ನೆನ್ನೆ ಕೋವಿ ರಿಜಿಸ್ಟ್ರೇ ಎತ್ಕಂಡ್ ಹೋಗಿ ಹೆಂಚಿನ ಮ್ಯಾಲೆ ಕೂತು ಒಂದೊಂದೇ ಹಾಳೆ ಕಿತ್ತು ಹಾರ್ಸವೆ. ಇನ್ ಮ್ಯಾಲೆ ಯಾರ್ ಕೋವಿ ಯಾರ್ದು ಅಂತ ದೇವ್ರೇ ಹೇಳ್ಬೇಕು. ಇದ್ನ ಡಿಪಾಸಿಟ್ ಮಾಡ್ಕಂಡ್ ಬಾ ಅಂದವ್ರೆ."

"ಎಷ್ಟ್ ದಿನಕ್ಕೆ?"

"ಎಲೆಕ್ಷನ್ ಮುಗಿಯೋಗಂಟ. ಎರಡೂ ಒಟ್ಟಿಗೇ ತಗಂಡ್ ಹೋಗೀವಂತೆ."

ಬೋರಯ್ಯ ರಸೀದಿ ಬರೆಯತೊಡಗಿದ. ಕಾನೂನು ಎಂದರೆ ಕಾನೂನು, ಕಂಡದ್ದನ್ನೆಲ್ಲ ಬರೆದ. ಕರೆಂಟ್ ಕೋವಿ ಒಂದು. ಬ್ಯಾಟರಿ ಒಂದು. ಹೆಲ್ಮೆಟ್ಟಿನೊಳಗಿನಿಂದ ಒಂದು ನರಳಿಕೆ ಕೇಳಿಸಿತು. ಎಲೆಅಡಿಕೆ ಸಂಚಿ, ಕೆಂಪು ಬಣ್ಣದ್ದು, ಸುಣ್ಣದ ಡಬ್ಬಿ ಸಹಿತ, ಒಂದು.

"ಇದನ್ನ ಹೊಡೆಯೋದ್ ಹೆಂಗೆ?" ಎಂದು ಬೋರಯ್ಯ ಬಂದೂಕನ್ನು ತಿರುಗಿಸಿ ನೋಡಿ, ನೇತಾಡುವ ವೈರು ಕಂಡು ಕೈ ಹಿಂದೆ ತೆಗೆದ. "ನಂಗ್ಯಾಕಪ್ಪಾ. ನೀನೇ ಬಂದ್ಬುಡು. ನಾಳೆಯಿಂದ ಬೆಳಿಗ್ಗೆ ಎಂಟಕ್ಕೆ ಬಂದು, ಸಂಜೆ ಆರಕ್ಕೆ ಹೋಗು."

ಭೂತಮ್ಮ ರಸೀದಿಯನ್ನೇ ನೋಡುತ್ತಿದ್ದವಳು ತಲೆ ಎತ್ತಿದಳು. "ಹಂಗಾದ್ರೆ ಇವನ್ ಹೆಸ್ರೂ ಅದ್ರಲ್ ಬರಿಯಪ್ಪಾ" ಎಂದಳು. "ಕೊಟ್ಟಿದ್ದು ಒಂದೂ ವಾಪಸ್ ಬಂದಿಲ್ಲ. ಮಗನ್ನಾದ್ರೂ ಬರ್ಸ್ಕತೀನಿ."

ಬೋರಯ್ಯ ಒಂದು ಕ್ಷಣ ಯೋಚಿಸಿ, ಕೆಳಗೆ ಇನ್ನೊಂದು ಸಾಲು ಬರೆದು ಮೊಹರು ಒತ್ತಿ, ರಸೀದಿಯನ್ನು ದೇವೀರಪ್ಪನ ಜೇಬಿಗೆ ತುರುಕಿದ. ಬೈಕು ಸಂಚಿಯನ್ನು ತೂಗಾಡಿಸುತ್ತಾ ಕಾಫಿ ತೋಟದ ತಿರುವಿನಲ್ಲಿ ಮರೆಯಾಯಿತು.

ಸಿಲ್ವರ್ ಮರದ ನೆತ್ತಿಯಲ್ಲಿದ್ದ ಗಡವ ಬೈಕಿನ ಸದ್ದು ಪೂರ್ತಿ ಅಡಗುವವರೆಗೆ ಕಾದಿತ್ತು. ಆಮೇಲೆ ಅದು ಅವಸರವಿಲ್ಲದೆ, ಕೊಂಬೆ ಕೊಂಬೆಗೂ ಒಮ್ಮೆ ಮೈ ಕೆರೆದುಕೊಳ್ಳುತ್ತಾ, ಕಿತ್ತಳೆ ಮರದ ಕಡೆ ಇಳಿಯತೊಡಗಿತು. ದೇವೀರಪ್ಪ ಗಾಬರಿಯಿಂದ ಅಂಗಿಯ ಜೇಬಿಗೆ ಕೈಹಾಕಿದ. ಅಲ್ಲಿ ಎರಡು ರಸೀದಿ ಇದ್ದವು. ಎರಡನ್ನೂ ಎರಡು ಕೈಯಲ್ಲಿ ಹಿಡಿದು, ಮರದ ಬುಡಕ್ಕೆ ಓಡಿ, ಗಡವದ ಕಡೆಗೆ ಬೀಸುತ್ತಾ "ಹುಶ್, ಹುಶ್" ಎಂದ.