ಕಂಪ್ಯೂಟರಿಗೆ ಸುಣ್ಣ

ಅರುಣಕುಮಾರನ ಕಂಪ್ಯೂಟರಿನ ಬಟನ್ ಒತ್ತಿ, ಅದು ಕಣ್ಣು ಬಿಡುವಷ್ಟರಲ್ಲಿ ಸ್ನಾನ ಮಾಡಬಹುದಿತ್ತು, ರೊಟ್ಟಿ ತಿನ್ನಬಹುದಿತ್ತು, ಶಹಾಪುರದ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಯ ರೇಟು ಕೇಳಿಕೊಂಡೂ ಬರಬಹುದಿತ್ತು. ಅಷ್ಟನ್ನು ಅವನು ಸಹಿಸಿಕೊಂಡಿದ್ದ. ಆದರೆ ಆ ರವಿವಾರ ಬೆಳಿಗ್ಗೆ ಮಾವನ ಆತ್ಮಕತೆಯ ಫೈಲು ತೆರೆಯಲು ಹೋದರೆ ಕಂಪ್ಯೂಟರು ಅರ್ಧಕ್ಕೆ ಗಟ್ಟಿಯಾಗಿ ನಿಂತುಬಿಟ್ಟಿತು. ಇದನ್ನು ಮಾತ್ರ ಅರುಣಕುಮಾರ ಸಹಿಸುವಂತಿರಲಿಲ್ಲ.

ಯಾಕೆಂದರೆ ಅಂದು ಸಂಜೆ ಮಾವ ಚಂದ್ರಾಮಪ್ಪನವರು ಸುರಪುರದಿಂದ ಬರುವವರಿದ್ದರು. ಬೋನಾಳದ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಮಗಳು ಮೋನಮ್ಮನನ್ನು ನೋಡುವ ಹಂಬಲದಿಂದೇನೂ ಬರುತ್ತಿರಲಿಲ್ಲ. ಆತ್ಮಕತೆಯನ್ನು ಒಯ್ದು ಕಲಬುರಗಿಯ ಪ್ರೆಸ್ಸಿಗೆ ಕೊಡಬೇಕಿತ್ತು. ಅದನ್ನು ಟೈಪ್ ಮಾಡಿದವನು ಅಳಿಯ. ಎರಡು ವರ್ಷ ಒಂದು ರವಿವಾರವನ್ನೂ ಬಿಡದೆ ಮಾವ ಕಣ್ಣು ಮುಚ್ಚಿಕೊಂಡು ಹೇಳುವುದು, ಅಳಿಯ ಕಣ್ಣು ತೆರೆದುಕೊಂಡು ಬಡಿಯುವುದು. ಬೋನಾಳದ ಕೆರೆಗೆ ಬರುವ ಹಕ್ಕಿಗಳಿಗೇ ನಾಲ್ಕು ಅಧ್ಯಾಯ. ಆ ಹಕ್ಕಿಗಳು ಕೆರೆಗೆ ಇಳಿದು, ಈಜಿ, ಮೊಟ್ಟೆಯಿಟ್ಟು ಹಾರಿಹೋಗುವಷ್ಟರಲ್ಲಿ ಅರುಣಕುಮಾರನ ಒಂದು ದೀಪಾವಳಿಯೇ ಮುಗಿದುಹೋಗಿತ್ತು. ಕಳೆದ ವಾರ ಕೊನೆಯ ಪುಟ ಮುಗಿದಾಗ ಅವನು ಹೆಂಡತಿಗೂ ಹೇಳದೆ ಹನುಮಂತನಿಗೆ ಕಾಯಿ ಒಡೆಸಿ ಬಂದಿದ್ದ. ಈಗ ಫೈಲು ಹೋಯಿತೆಂದರೆ ಮತ್ತೆ ಮೊದಲಿನಿಂದ! ನೆನೆದೇ ಅವನ ಬೆರಳು ಸೆಟೆದವು.

ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ವಿಶ್ವರಾಧ್ಯ ಹೊಸ ಅಂಗಿ ತೊಟ್ಟು ಶಟರ್ ಎಳೆಯುತ್ತಿದ್ದ. ಯಾದಗಿರಿಯಲ್ಲಿ ಅವನ ಗೆಳೆಯನ ಲಗ್ನ.

"ಫಾರ್ಮ್ಯಾಟ್ ಹೊಡೀರಿ ಸರ್, ಹೊಸಾ ವಿಂಡೋಸ್ ಹಾಕ್ರಿ. ಸರಳ ಅದ, ನೀವ ಮಾಡ್ಕೋಬಹುದು," ಎಂದವನೇ ಅರುಣಕುಮಾರನ ಬಳಿಯಿದ್ದ ಒಂದೇ ಒಂದು ಪೆನ್ ಡ್ರೈವಿನಲ್ಲಿ ವಿಂಡೋಸ್ ತುಂಬಿಕೊಟ್ಟ. "ನಿಮ್ಮ ಫೈಲ್ ಡಿ ಡ್ರೈವ್‌ನಾಗ ಅದಾವಲ್ಲ? ಸಿ ಅಷ್ಟ ಒರಸ್ರಿ. ಡಿ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಮುಗೀತು."

ಮನೆಯಲ್ಲಿ ಇದನ್ನು ಕೇಳಿದ ಮೋನಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಮುಟ್ಟಬ್ಯಾಡ್ರಿ ಅಂದಾರಂದ್ರ ನೀವು ಮುಟ್ಟೇ ಮುಟ್ಟತೀರಿ. ಮೊದಲ ಅಪ್ಪನ ಪುಸ್ತಕ ಹೊರಗ ಎಲ್ಲ್ಯರ ಇಡ್ರಿ."

"ಎಲ್ಲಿ ಇಡ್ಲಿ? ಇದ್ದ ಒಂದ ಪೆನ್ ಡ್ರೈವ್‌ನಾಗ ವಿಂಡೋಸ್ ಕುಂತದ. ಫೋನ್ ನೋಡಿದ್ರ ತುಂಬಿ ತುಳಕಾಕತ್ತದ."

"ಮನಿಗಿ ಸುಣ್ಣ ಹಚ್ಚೂ ಮುಂದ ಏನ್ ಮಾಡ್ತೀವ್ರಿ? ಸಾಮಾನ ಮಂದಿ ಮನ್ಯಾಗ ಇಡಂಗಿಲ್ಲೇನು?"

ಹೌದಲ್ಲ! ಆ ಓಣಿಯಲ್ಲಿ ಸುಣ್ಣ ಹಚ್ಚುವಾಗ ಮಂಚ ಒಬ್ಬರ ಮನೆಗೆ, ಕೊಡ ಇನ್ನೊಬ್ಬರ ಮನೆಗೆ ಹೋಗುವುದು ರೂಢಿ. ಎಲ್ಲವನ್ನೂ ಒಂದೇ ಮನೆಗೆ ಹೊರಿಸುವಂತಿಲ್ಲ. ಬಿಟ್ಟುಹೋದವರಿಗೆ ಸಿಟ್ಟು ಬಂದು ಮಾತೇ ನಿಂತುಹೋಗುತ್ತದೆ. ಹಾಗಾಗಿ ಅರುಣಕುಮಾರ ಆತ್ಮಕತೆಯನ್ನು ಎರಡು ಭಾಗ ಮಾಡಿದ. ಕಂಪ್ಯೂಟರು ಮನಸ್ಸು ಮಾಡಿ ಎದ್ದ ಹೊತ್ತು ನೋಡಿಕೊಂಡು, ಬಾಲ್ಯ ಮತ್ತು ಫೋಟೊಗಳನ್ನು ಪಕ್ಕದ ಮನೆಯ ರತ್ನಾಬಾಯಿಯ ಭಜನೆಯ ಪೆನ್ ಡ್ರೈವಿಗೆ ಹಾಕಿದ. ನೌಕರಿ ಮತ್ತು ಹಕ್ಕಿಗಳನ್ನು ಅದರಲ್ಲೇ ಹೊತ್ತೊಯ್ದು ಎದುರುಮನೆಯ ಗುಲಫಶಾಳ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಇಳಿಸಿ ಬಂದ.

ಸಾಮಾನು ಇಟ್ಟುಕೊಂಡವರು ಸುಣ್ಣ ಹಚ್ಚುವುದನ್ನು ನೋಡಲು ಬಾರದೆ ಇರುತ್ತಾರೆಯೇ? ರತ್ನಾಬಾಯಿ ಬಂದಳು. ಗುಲಫಶಾಳ ಮಾವ ಫಕ್ರುದ್ದೀನನೂ ಬಂದ. ಅವನು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ಜಗತ್ತಿನ ಸಕಲ ದೋಷಕ್ಕೂ ಅರ್ಥಿಂಗ್ ಸರಿಯಿಲ್ಲದ್ದೇ ಕಾರಣವೆಂದು ನಂಬಿದವನು.

"ಅರ್ಥಿಂಗ್ ನೋಡಿದಿ?" ಎಂದ.

"ಅದೇನ್ ಬೇಡ್ರಿ ಚಾಚಾ."

"ನೋಡಲಿಲ್ಲಂದ್ರ ಆಮ್ಯಾಲ ಅಳಬ್ಯಾಡ."

ರತ್ನಾಬಾಯಿ ಕಂಪ್ಯೂಟರಿಗೆ ಕುಂಕುಮ ಹಚ್ಚಿ, "ಹೂಂ, ಇನ್ನ ಒತ್ತು," ಎಂದು ಅಪ್ಪಣೆ ಕೊಟ್ಟಳು. ಅರುಣಕುಮಾರ ಒತ್ತಿದ. ಪರದೆಯ ಮೇಲೆ ಡ್ರೈವುಗಳ ಹೆಸರು ಸಾಲಾಗಿ ಬಂದವು. ಅಯ್ಯೋ ದೇವರೇ, ಸಿ ಇಲ್ಲ, ಡಿ ಇಲ್ಲ! ಪಾರ್ಟಿಶನ್ ಒಂದು, ಪಾರ್ಟಿಶನ್ ಎರಡು, ಮೂರು ಎಂದು ಬರೀ ನಂಬರುಗಳೇ ಇದ್ದವು. ಅವನು ವಿಶ್ವರಾಧ್ಯನಿಗೆ ಫೋನು ಹಚ್ಚಿದ. ಆ ಕಡೆಯಿಂದ ಬ್ಯಾಂಡಿನ ಸದ್ದು ಬಂತು, ಅದರ ನಡುವೆ, "ಅಕ್ಷತಿ ಬೀಳಾಕತ್ತದ ಸರ್, ಊಟಾ ಮಾಡಿ ಫೋನ್ ಹಚ್ತೀನಿ!" ಎಂದು ಕೂಗಿದ್ದು ಕೇಳಿ ಫೋನು ಕಟ್ಟಾಯಿತು.

"ದೊಡ್ಡದನ್ನ ಒರಸು," ಎಂದ ಫಕ್ರುದ್ದೀನ. "ಕಚರಾ ಯಾವಾಗ್ಲೂ ದೊಡ್ಡ ಖೋಲ್ಯಾಗ ಇರ್ತದ."

"ಒಂದನೇದು ಬಿಡಪ್ಪ," ಎಂದಳು ರತ್ನಾಬಾಯಿ. "ಮೊದಲನೇದು ದೇವರ ಪಾಲು."

ಅರುಣಕುಮಾರನಿಗೆ ಸ್ವಂತ ಬುದ್ಧಿ ಇರಲಿಲ್ಲವೆಂದಲ್ಲ. ಆ ಹೊತ್ತಿಗೆ ಅದು ಎಲ್ಲೋ ಹೊರಗೆ ಹೋಗಿತ್ತು. ದೊಡ್ಡದನ್ನೇ ಒರೆಸಿದ. ಕಂಪ್ಯೂಟರು ಮತ್ತೆ ಎದ್ದಾಗ ನೋಡುತ್ತಾನೆ, ಹಳೆಯ ವಿಂಡೋಸು ಹಾಗೆಯೇ ಕುಂಟುತ್ತಿದೆ, ಡಿ ಡ್ರೈವು ಮಾತ್ರ ತೊಳೆದಿಟ್ಟ ತಾಟಿನಂತೆ ಖಾಲಿ.

"ಮುಟ್ಟಿದ್ರಿ?" ಎಂದಳು ಮೋನಮ್ಮ ಒಳಗಿನಿಂದಲೇ.

"ಒಂದ ಹೋದ ಮ್ಯಾಲ ಉಳದದ್ದು ಯಾಕ ಬಿಡ್ತಿ? ಎಲ್ಲಾ ಸಾಫ್ ಮಾಡು," ಎಂದು ಫಕ್ರುದ್ದೀನ ಸಮಾಧಾನ ಹೇಳಿದ. ಅರುಣಕುಮಾರ ಹಲ್ಲು ಕಚ್ಚಿ ಎಲ್ಲವನ್ನೂ ಒರೆಸಿದ. ವಿಂಡೋಸು ಕುಳಿತಿತು. ಬಟನ್ ಒತ್ತಿದರೆ ಕಂಪ್ಯೂಟರು ಹೋರಿಯಂತೆ ಎದ್ದು ನಿಂತಿತು. ಇಂಥ ವೇಗವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಆದರೆ ಒಳಗೆ ಒಂದು ಅಕ್ಷರವೂ ಇರಲಿಲ್ಲ. ಇನ್ನು ನೆರೆಮನೆಗಳಲ್ಲಿ ಇಟ್ಟದ್ದೇ ಗತಿ.

ರತ್ನಾಬಾಯಿಯೂ ಫಕ್ರುದ್ದೀನನೂ ಆಗಲೇ ಮನೆಗೆ ಹೋಗಿದ್ದರು. ಅವನು ಮೊದಲು ರತ್ನಾಬಾಯಿಯ ಬಾಗಿಲಿಗೆ ಓಡಿದ. ಪಡಸಾಲೆಯಲ್ಲಿ ಓಣಿಯ ಹೆಂಗಸರು ತೊಗರಿಬೇಳೆ ಹಸನು ಮಾಡುತ್ತ ಟೀವಿ ನೋಡುತ್ತಿದ್ದರು. ಟೀವಿಯಲ್ಲಿ ಚಂದ್ರಾಮಪ್ಪನವರು ಎಮ್ಮೆಯ ಪಕ್ಕ ನಿಂತಿದ್ದರು. ಆಮೇಲೆ ಸೈಕಲ್ಲಿನ ಪಕ್ಕ ನಿಂತರು. ಆಮೇಲೆ ಒಂದು ಹಕ್ಕಿಯ ಪಕ್ಕ. ರತ್ನಾಬಾಯಿ ಪೆನ್ ಡ್ರೈವನ್ನು ಟೀವಿಗೆ ಚುಚ್ಚಿದ್ದಳು.

"ಬಾ ತಮ್ಮ. ಅಲ್ಲೋ, ಇಷ್ಟೊಂದು ಫೋಟೋದಾಗ ನಿಮ್ಮತ್ತಿ ಒಂದರಾಗೂ ಇಲ್ಲಲ್ಲೋ! ಆಕಿ ಏನ್ ಪಾಪ ಮಾಡ್ಯಾಳ? ಈಗ ಫೋನ್ ಹಚ್ಚಿ ನಿಮ್ಮ ಮಾವಗ ಕೇಳೇಬಿಟ್ಟೆ."

ಅರುಣಕುಮಾರನಿಗೆ ಅದು ಕೇಳಿಸಲಿಲ್ಲ. ಅವನ ಕಣ್ಣು ಟೀವಿಯ ಮೂಲೆಯಲ್ಲಿ ಆಗಷ್ಟೇ ಮೂಡಿದ ಒಂದು ಪ್ರಶ್ನೆಯ ಮೇಲಿತ್ತು. ರತ್ನಾಬಾಯಿಯೂ ಅದನ್ನು ನೋಡಿದಳು.

"ಇದೇನೋ ಕೇಳಾಕತ್ತದ, ಫಾರ್ಮ್ಯಾಟ್ ಮಾಡ್ಲಿ ಅಂತ. ನೀನೂ ಅದನ್ನ ಮಾಡಿದಿ ಅಲ್ಲೇನು? ಹೂಂ ಅಂತೀನಿ ತಡಿ."

"ಅವ್ವಾ! ಬ್ಯಾಡಾ!"

ಅವನು ಬೇಳೆಯ ಮೊರ ದಾಟಿ ಹಾರಿದ. ದಾಟಿದ್ದು ಒಂದೇ ಕಾಲು. ಇನ್ನೊಂದು ಮೊರದಲ್ಲೇ ಬಿತ್ತು. ಬೇಳೆ ಪಡಸಾಲೆಯ ತುಂಬ ಚೆಲ್ಲಾಡಿತು, ಹೆಂಗಸರು ಬಾಯಿಗೆ ಬಂದಂತೆ ಬೈದರು. ಆದರೆ ರಿಮೋಟು ಅವನ ಕೈಗೆ ಬಂದಿತ್ತು. ಪೆನ್ ಡ್ರೈವು ಕಿತ್ತುಕೊಂಡು ಎದುರುಮನೆಗೆ ಓಡಿದ.

ಝೆರಾಕ್ಸ್ ಅಂಗಡಿಯಲ್ಲಿ ಜಾತ್ರೆಯೇ ನೆರೆದಿತ್ತು. ಫಕ್ರುದ್ದೀನ ಕಂಪ್ಯೂಟರಿನ ಮುಂದೆ ಕೂತು ಹಕ್ಕಿಗಳ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಿದ್ದ. ಆಧಾರ್ ಝೆರಾಕ್ಸಿಗೆ ಬಂದವರು ಆಧಾರ್ ಮರೆತು ನಿಂತಿದ್ದರು.

"ಲಗೂನ ಒಯ್ರಿ ಭಾಯಿ," ಎಂದಳು ಗುಲಫಶಾ ಹಣೆ ಚಚ್ಚಿಕೊಂಡು. "ಇವರು ಬಂದು ಕುಂತಾಗಿಂದ ಒಂದ ಗಿರಾಕಿ ಆಗಿಲ್ಲ."

"ಚಲೋ ಬರ್ದಾರ," ಎಂದ ಫಕ್ರುದ್ದೀನ. "ಆದ್ರ ಬೋನಾಳದಾಗ ಮೊದಲ ಕಂಬ ನಿಲ್ಲಿಸಿದಾವ ನಾನು. ನನ್ನ ಹೆಸರ ಎಲ್ಲೂ ಇಲ್ಲ."

ಅರುಣಕುಮಾರ ಎರಡೂ ಭಾಗ ತಂದು ಸುಣ್ಣ ಹಚ್ಚಿದ ಕಂಪ್ಯೂಟರಿಗೆ ಹಾಕಿದ. ತೆರೆದ. ಬಾಲ್ಯ ಇತ್ತು, ನೌಕರಿ ಇತ್ತು, ಹಕ್ಕಿಗಳೂ ಇದ್ದವು. ಅವನಿಗೆ ಖುಷಿ ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಮೋನಮ್ಮ ಕೂಡ ಮೊದಲ ಬಾರಿಗೆ ಗಂಡನತ್ತ ಮರ್ಯಾದೆಯಿಂದ ನೋಡಿ ಚಹಾ ಕೊಟ್ಟಳು. ಅದನ್ನು ಕುಡಿದು ಅವನು ಪೆನ್ ಡ್ರೈವನ್ನು ರತ್ನಾಬಾಯಿಗೆ ಮರಳಿ ಕೊಟ್ಟು ಬಂದ.

ಸಂಜೆ ಮಾವ ಬಂದರು. ಜೊತೆಗೆ ಅತ್ತೆ ಸಾವಿತ್ರಿಬಾಯಿ. ಅತ್ತೆಯ ತಲೆಯ ಮೇಲೊಂದು ಹಾಸಿಗೆಯ ಸುರುಳಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಮಾಮಾ, ನೋಡ್ರಿ! ಒಂದ ಅಕ್ಷರ ಹೋಗಿಲ್ಲ!" ಎಂದ ಅರುಣಕುಮಾರ ಎದೆಯುಬ್ಬಿಸಿ.

ಚಂದ್ರಾಮಪ್ಪನವರು ಕನ್ನಡಕ ಹಾಕಿ ನೋಡಿದರು. "ಚಲೋ ಆತು. ಇದನ್ನ ಪೂರಾ ಅಳಸಬೇಕಂದ್ರ ಯಾವ ಬಟನ್ ಒತ್ತಬೇಕಪ್ಪ?"

ಮೇಷ್ಟ್ರಿಗೆ ಕಲಿಯುವ ಹುಮ್ಮಸ್ಸು ಎಂದುಕೊಂಡು ಅಳಿಯ ತೋರಿಸಿಕೊಟ್ಟ. ಮಾವ ಒತ್ತಿದರು. ಆತ್ಮಕತೆ ಮಾಯವಾಯಿತು.

"ಮಾಮಾ!"

"ರತ್ನಾಬಾಯಿ ಫೋನ್ ಹಚ್ಚಿದಾಗ ಸ್ಪೀಕರ್ ಚಾಲೂ ಇತ್ತು. ನಿಮ್ಮತ್ತಿ ಕೇಳಿಬಿಟ್ಲು," ಎಂದರು ಮಾವ ತಗ್ಗಿದ ದನಿಯಲ್ಲಿ.

"ಹಕ್ಕಿಗಿ ನಾಕ ಅಧ್ಯಾಯ ಬರ್ಸ್ಯಾರ," ಎಂದಳು ಸಾವಿತ್ರಿಬಾಯಿ ಗೋಡೆಯನ್ನು ನೋಡುತ್ತ. "ಜಲ್ಮೆಲ್ಲಾ ರೊಟ್ಟಿ ಬಡದು ಹಾಕಿದಾಕಿ ನಾನು. ನನಗ ಒಂದ ಸಾಲ ಇಲ್ಲ. ಬಡಬಡ ರೊಟ್ಟಿ ಹಾಕಾಕ ಹಕ್ಕಿ ಬಂದಿತ್ತೇನು?"

ಅರುಣಕುಮಾರ ಹೊಸ್ತಿಲ ಕಡೆ ಓಡಿದ. ನೆರೆಮನೆಗಳಲ್ಲಿ ಪ್ರತಿ ಇನ್ನೂ ಇರಬೇಕಲ್ಲ!

"ಎಲ್ಲಿ ಹೊಂಟಿ? ಗುಲಫಶಾಳ ಅಂಗಡ್ಯಾಗಿಂದು, ರತ್ನಾಬಾಯಿ ಪೆನ್ ಡ್ರೈವ್‌ನಾಗಿಂದು, ಎರಡೂ ಅವರ ಕೈಲೇ ಅಳಸಿ ಬಂದೀನಿ. ಇದೊಂದ ಉಳದಿತ್ತು," ಎಂದರು ಮಾವ. "ಪೂರಾ ಹೊಸದಾಗಿ ಬರೀಬೇಕು. ಈ ಸಲ ಇಬ್ಬರೂ ಕೂಡಿ ಹೇಳ್ತೀವಿ. ಮಷೀನ್ ಈಗ ಲಗೂನ ಓಡ್ತದಂತಲ್ಲ, ಕುಂಡ್ರು."

ಅಳಿಯ ಕೂತ. ಮಾವ ಕಣ್ಣು ಮುಚ್ಚಿದರು.

"ಬಡಿ. ನಾನು ಹುಟ್ಟಿದ್ದು ಬೋನಾಳದಾಗ, ಒಂದ ಸೋಮವಾರ ದಿನ."

"ಸುಳ್ಳು," ಎಂದಳು ಸಾವಿತ್ರಿಬಾಯಿ. "ನೀವು ಹುಟ್ಟಿದ್ದು ನಿಮ್ಮವ್ವನ ತವರುಮನ್ಯಾಗ, ಬಳಿಚಕ್ರದಾಗ. ಶುಕ್ರವಾರ ಅಂತ ನಿಮ್ಮವ್ವನೇ ನನಗ ಹೇಳ್ಯಾಳ."

"ನಾ ಹುಟ್ಟಿದ್ದು ನನಗ ಗೊತ್ತೋ ನಿನಗ ಗೊತ್ತೋ?"

"ನಿಮಗ ಹೆಂಗ ಗೊತ್ತಿರ್ತದ? ಅಳಾಕತ್ತಿದ್ರಿ."

ಮಾವ ನಿಟ್ಟುಸಿರುಬಿಟ್ಟು, "ಅಳಸಪ್ಪ," ಎಂದರು. ಅಳಿಯ ಅಳಿಸಿದ. ಅತ್ತೆ ಹಾಸಿಗೆಯ ಸುರುಳಿಯನ್ನು ಮಗಳ ಕೈಗೆ ಕೊಟ್ಟಳು.

"ಒಳಗ ಹಾಸು ಮೋನವ್ವ. ನಿಮ್ಮಪ್ಪ ಹುಟ್ಟಾಕ ಇನ್ನ ಒಂದ ವಾರ ಹಿಡೀತದ."